ಬಾಗಿಲು ತೆರೆದಿರಲೋ, ಮುಚ್ಚಿರಲೋ?

ಯುದ್ಧವಿಮಾನಗಳ ಮಾದರಿ ಕಟ್ಟುವ ಗೀಳು ಹತ್ತಿದವರಲ್ಲಿ ಎರಡು ಪಂಗಡ: ಫೈಟರ್ ಕಟ್ಟುವವರು ಮತ್ತು ಬಾಂಬರ್ ಕಟ್ಟುವವರು. ಮೊದಲನೆಯವರು ಸುಖಿಗಳು. ಅವರ ವಿಮಾನಕ್ಕೆ ಒಂದು ಎಂಜಿನ್, ಒಂದು ಸೀಟು, ಒಂದು ಗೇಣಿನೊಳಗೆ ಮುಗಿಯುವ ರೆಕ್ಕೆ. ಸ್ಪಿಟ್‌ಫೈರ್ ಬೇಕೋ ಮೆಸ್ಸರ್‌ಸ್ಮಿಟ್ ಬೇಕೋ ಎಂದು ಎರಡು ನಿಮಿಷ ಯೋಚಿಸಿ ಒಂದನ್ನು ಎತ್ತಿಕೊಂಡರೆ ಆಯಿತು. ಅದು ಹಿಡಿಸದಿದ್ದರೆ ಮುಂದಿನ ವಾರ ಇನ್ನೊಂದು.

ಎರಡನೆಯ ಪಂಗಡದವರಿಗೆ ಈ ಭಾಗ್ಯವಿಲ್ಲ. ಬಾಂಬರ್ ಕಿಟ್ ಒಂದನ್ನು ಬಿಚ್ಚಿದರೆ ತಿಂಗಳುಗಟ್ಟಲೆ ಮೇಜಿನ ಮೇಲೆ ಅದರದೇ ರಾಜ್ಯಭಾರ. ಆದ್ದರಿಂದ ನಾವು ಆರಿಸುತ್ತೇವೆ, ಆರಿಸುತ್ತೇವೆ, ಆರಿಸುತ್ತಲೇ ಇರುತ್ತೇವೆ. ಕಟ್ಟುವುದಕ್ಕಿಂತ ಆರಿಸುವುದರಲ್ಲೇ ಇವರ ಕಾಲ ಕಳೆಯುತ್ತದೆ ಎಂದು ಯಾರಾದರೂ ಆಡಿಕೊಂಡರೆ ನನಗೆ ಬೇಸರವಿಲ್ಲ. ಆರಿಸುವಾಗ ಬೆರಳಿಗೆ ಅಂಟು ಮೆತ್ತುವುದಿಲ್ಲ, ಕಣ್ಣು ನೋಯುವುದಿಲ್ಲ, ಮನಸ್ಸಿನೊಳಗಿನ ವಿಮಾನದ ರೆಕ್ಕೆ ಎಂದೂ ಸೊಟ್ಟಗಾಗುವುದಿಲ್ಲ.

ನನ್ನ ಪ್ರಕಾರ ವ್ಯತ್ಯಾಸ ಇರುವುದು ಗಾತ್ರದಲ್ಲಲ್ಲ, ಒಳಗಿನ ಜಾಗದಲ್ಲಿ. ಫೈಟರ್ ಎಂದರೆ ರೆಕ್ಕೆ ಕಟ್ಟಿದ ಕುರ್ಚಿ. ಬಾಂಬರ್ ಎಂದರೆ ಒಂದು ಮನೆ. ಬ್ರಿಟನ್ನಿನ ಲ್ಯಾಂಕಾಸ್ಟರ್‌ನಲ್ಲಿ ಏಳು ಜನ, ಅಮೆರಿಕದ ಬಿ-17ರಲ್ಲಿ ಹತ್ತು ಜನ. ಅವರಿಗೆ ಮೇಜು, ಕುರ್ಚಿ, ಕಿಟಕಿ, ಪರದೆ, ಬಾಗಿಲು ಎಲ್ಲವೂ ಇವೆ. ಕಿಟ್ ಆರಿಸುವವನು ಮೊದಲು ನಿರ್ಧರಿಸಬೇಕಾದದ್ದು ಎಷ್ಟು ಕೋಣೆಗಳಿಗೆ ಬಣ್ಣ ಬಳಿಯುವ ತಾಳ್ಮೆ ತನಗಿದೆ ಎಂಬುದನ್ನು. ಆದರೆ ಅಲ್ಲಿಂದ ಯಾರೂ ಆರಂಭಿಸುವುದಿಲ್ಲ. ಎಲ್ಲರೂ ಆರಂಭಿಸುವುದು ಕಪಾಟಿನಿಂದ.

ಲ್ಯಾಂಕಾಸ್ಟರ್‌ನ ರೆಕ್ಕೆಗಳ ಈ ತುದಿಯಿಂದ ಆ ತುದಿಗೆ 31 ಮೀಟರ್. 1:144ರ ಅನುಪಾತದಲ್ಲಿ ಅದು ಸುಮಾರು 22 ಸೆಂಟಿಮೀಟರ್ ಆಗುತ್ತದೆ, 1:72ರಲ್ಲಿ 43, 1:48ರಲ್ಲಿ 65, 1:32ರಲ್ಲಿ 97. ಕೊನೆಯದು ಹೆಚ್ಚುಕಡಿಮೆ ಒಂದು ಮೀಟರ್. ಒಂದು ಮೀಟರ್ ಅಗಲದ ವಸ್ತುವನ್ನು ಮನೆಯೊಳಗೆ ತರುವಾಗ ಅದು ಹವ್ಯಾಸವಾಗಿ ಉಳಿಯುವುದಿಲ್ಲ, ಪೀಠೋಪಕರಣವಾಗುತ್ತದೆ. ಮನೆಯವರ ಒಪ್ಪಿಗೆ ಬೇಕು. ಅದನ್ನು ಒರೆಸುವವರು ಯಾರು ಎಂಬ ಪ್ರಶ್ನೆ ಬರುತ್ತದೆ. ಇನ್ನು 1:144ರ ಪುಟಾಣಿ ಬಾಂಬರ್‌ಗೆ ಯಾರ ಅಪ್ಪಣೆಯೂ ಬೇಡ, ಆದರೆ ಬಾಂಬರ್‌ನ ಘನತೆಯೂ ಅದಕ್ಕಿಲ್ಲ. ನಾಲ್ಕು ಎಂಜಿನ್ ಹೊತ್ತ ದೈತ್ಯ ಅಂಗೈ ಮೇಲೆ ಕುಳಿತಾಗ ಅದು ತಾನು ಯಾರೆಂಬುದನ್ನು ಮರೆತಿರುತ್ತದೆ.

ಹೀಗಾಗಿ ಬಹುಪಾಲು ಜನ ಬಂದು ನಿಲ್ಲುವುದು 1:72ರಲ್ಲಿ. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಎಂದು ಕೇಳಬಹುದು. ಅಡಿ, ಅಂಗುಲಗಳ ಲೆಕ್ಕದಲ್ಲಿ ನೋಡಿದರೆ ವಿಚಿತ್ರವೇನಿಲ್ಲ: ಆರು ಅಡಿಗೆ ಒಂದು ಅಂಗುಲ. ಆರಡಿ ಎತ್ತರದ ಪೈಲಟ್ ಒಂದಂಗುಲ ಆಗುತ್ತಾನೆ. 1930ರ ದಶಕದಲ್ಲಿ ಬ್ರಿಟನ್ನಿನಲ್ಲಿ ಮೊದಲು ಮರದ, ಆಮೇಲೆ ಪ್ಲಾಸ್ಟಿಕ್ಕಿನ ಕಿಟ್‌ಗಳು ಈ ಅಳತೆಯಲ್ಲಿ ಬಂದವು. ಎರಡನೆಯ ಮಹಾಯುದ್ಧ ಬಂದಾಗ ಈ ಅಳತೆಗೆ ಸರ್ಕಾರಿ ನೌಕರಿಯೇ ಸಿಕ್ಕಿತು. 1942ರಲ್ಲಿ ಅಮೆರಿಕದ ನೌಕಾಪಡೆ ಶಾಲಾ ಮಕ್ಕಳಿಂದ ಐದು ಲಕ್ಷ ಮರದ ವಿಮಾನಗಳನ್ನು 1:72ರಲ್ಲಿ ಮಾಡಿಕೊಡುವಂತೆ ಕೇಳಿತು. ಆಕಾಶದಲ್ಲಿ ಕಾಣುವ ಕಪ್ಪು ಆಕೃತಿ ನಮ್ಮದೋ ಶತ್ರುವಿನದೋ ಎಂದು ಸೈನಿಕರಿಗೆ ಗುರುತು ಹಿಡಿಯಲು ಕಲಿಸುವುದಕ್ಕೆ ಅವು ಬೇಕಾಗಿದ್ದವು. ಲೆಕ್ಕ ಸರಳ. 35 ಅಡಿ ದೂರದಲ್ಲಿ ಹಿಡಿದ ಮಾದರಿ ಅರ್ಧ ಮೈಲಿ ದೂರದ ನಿಜವಾದ ವಿಮಾನದಷ್ಟೇ ದೊಡ್ಡದಾಗಿ ಕಾಣುತ್ತದೆ. ಆ ಮಾದರಿಗಳಿಗೆ ಮೈಯೆಲ್ಲ ಕಪ್ಪು ಬಣ್ಣ; ಕಾಕ್‌ಪಿಟ್ ಇಲ್ಲ, ಒಳಗಿಲ್ಲ, ಹೊರಗೆರೆ ಒಂದೇ ಸತ್ಯ. ಈಗ ಅದೇ ಅಳತೆಯಲ್ಲಿ, ವಿಮಾನಕ್ಕೆ ದಾರಿ ಲೆಕ್ಕಹಾಕುವ ನ್ಯಾವಿಗೇಟರ್‌ನ ಮೇಜಿನ ಮೇಲಿನ ನಕಾಶೆ ಸರಿಯಿಲ್ಲವೆಂದು ನಾವು ಜಗಳವಾಡುತ್ತೇವೆ.

ಅಳತೆ ತೀರ್ಮಾನವಾದ ಮೇಲೆ ಪೆಟ್ಟಿಗೆ. ಬಾಂಬರ್ ಕಿಟ್‌ನ ಪೆಟ್ಟಿಗೆ ದೊಡ್ಡದು, ಅದರ ಮೇಲಿನ ಚಿತ್ರ ಇನ್ನೂ ದೊಡ್ಡದು. ಏರ್‌ಫಿಕ್ಸ್ ಕಂಪನಿಗೆ 1960ರ ದಶಕದಲ್ಲಿ ರಾಯ್ ಕ್ರಾಸ್ ಎಂಬ ಕಲಾವಿದರು ಬರೆದ ಚಿತ್ರಗಳನ್ನು ನೋಡಿಯೇ ಎಷ್ಟೋ ಜನ ಈ ಗೀಳಿಗೆ ಬಿದ್ದರು. ಎಂಜಿನ್‌ಗೆ ಬೆಂಕಿ ಹತ್ತಿದೆ, ಕೆಳಗೆ ನಗರ ಹೊಳೆಯುತ್ತಿದೆ, ಸರ್ಚ್‌ಲೈಟ್‌ಗಳು ಆಕಾಶವನ್ನು ಸೀಳುತ್ತಿವೆ. ಪೆಟ್ಟಿಗೆ ತೆರೆದರೆ ಬೂದು ಪ್ಲಾಸ್ಟಿಕ್ ಚೌಕಟ್ಟುಗಳಿಗೆ ಅಂಟಿಕೊಂಡ ನೂರಾರು ತುಂಡುಗಳು. ಚಿತ್ರಕ್ಕೂ ಒಳಗಿನ ಸರಕಿಗೂ ಇರುವ ಈ ದೂರವನ್ನು ದಾಟಿಸುವುದು ಕಟ್ಟುವವನ ಕೆಲಸ. ಅದರಲ್ಲಿ ಮೋಸವೇನಿಲ್ಲ.

ಮೋಸ ಇರುವುದು ಬೇರೆ ಕಡೆ. ಪ್ಲಾಸ್ಟಿಕ್ ಕಿಟ್‌ನ ನಿಜವಾದ ಆಸ್ತಿ ಉಕ್ಕಿನ ಅಚ್ಚು. ಅದನ್ನು ಕೆತ್ತಿಸಲು ತುಂಬ ಹಣ ಬೇಕು, ಆದರೆ ಒಮ್ಮೆ ಕೆತ್ತಿಸಿದರೆ ದಶಕಗಟ್ಟಲೆ ಬಾಳುತ್ತದೆ. ಆದ್ದರಿಂದ ಕಂಪನಿಗಳು ಅಚ್ಚನ್ನು ಬದಲಾಯಿಸುವುದಿಲ್ಲ, ಪೆಟ್ಟಿಗೆಯನ್ನು ಬದಲಾಯಿಸುತ್ತವೆ. ಏರ್‌ಫಿಕ್ಸ್ ಒಂದೇ 1:72ರಲ್ಲಿ ಮೂರು ಬೇರೆಬೇರೆ ಲ್ಯಾಂಕಾಸ್ಟರ್‌ಗಳನ್ನು ಹೊರತಂದಿದೆ: 1958ರದ್ದು, 1980ರದ್ದು, 2013ರದ್ದು. ಮೂರಕ್ಕೂ ಹೆಸರು ಒಂದೇ, ವಂಶ ಬೇರೆ. ಹಳೆಯ ದಾಸ್ತಾನು, ಕೈಯಿಂದ ಕೈಗೆ ಮಾರಾಟವಾಗುವ ಪೆಟ್ಟಿಗೆಗಳು ಎಲ್ಲ ಸೇರಿದ ಮೇಲೆ ಯಾವುದರೊಳಗೆ ಯಾರಿದ್ದಾರೆ ಎಂದು ತಿಳಿಯಲು ಪೆಟ್ಟಿಗೆಯ ಚಿತ್ರ ಸಾಲದು. ಒಳಗಿನ ತುಂಡುಗಳ ಫೋಟೊ ನೋಡದೆ ಬಾಂಬರ್ ಕಿಟ್ ಕೊಳ್ಳಬಾರದು ಎಂಬುದು ನಾನು ಕೊಡಬಲ್ಲ ಒಂದೇ ಪ್ರಾಯೋಗಿಕ ಸಲಹೆ.

ಹಳೆಯ ಅಚ್ಚನ್ನು ಗುರುತಿಸುವುದು ಕಷ್ಟವಲ್ಲ. ಲೋಹದ ಹಾಳೆಗಳು ಕೂಡುವ ಗೆರೆಗಳು ಅದರಲ್ಲಿ ಉಬ್ಬಿರುತ್ತವೆ, ರಿವೆಟ್‌ಗಳು ಬೊಕ್ಕೆ ಎದ್ದಂತೆ ಮೈತುಂಬ ಇರುತ್ತವೆ. ಹೊಸದರಲ್ಲಿ ಗೆರೆಗಳು ಕೊರೆದಿರುತ್ತವೆ. ಕೊರೆದದ್ದೇ ಶ್ರೇಷ್ಠ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಯಾರೂ ಗುಣಾಕಾರ ಮಾಡಿ ನೋಡುವುದಿಲ್ಲ. 1:72ರ ಮಾದರಿಯ ಮೇಲೆ ಅರ್ಧ ಮಿಲಿಮೀಟರ್ ಅಗಲದ ಗೆರೆ ಎಂದರೆ ನಿಜವಾದ ವಿಮಾನದ ಮೇಲೆ 3.6 ಸೆಂಟಿಮೀಟರ್ ಬಿರುಕು. ಅಷ್ಟು ಬಿರುಕು ಬಿಟ್ಟ ವಿಮಾನದಲ್ಲಿ ಯಾರಾದರೂ ಬರ್ಲಿನ್‌ಗೆ ಹೋಗುತ್ತಾರೆಯೇ? ಅದಕ್ಕೆ ಹೋಲಿಸಿದರೆ ಹಳೆಯ ಅಚ್ಚಿನ ಉಬ್ಬುಗೆರೆಯೇ ವಾಸಿ. ಮರಳುಕಾಗದದಲ್ಲಿ ಉಜ್ಜಿದರೆ ಮಾಯವಾಗುತ್ತದೆ.

ಅಳತೆ ಗೊತ್ತಾಯಿತು, ಅಚ್ಚು ಗೊತ್ತಾಯಿತು. ಇನ್ನು ಯಾವ ವಿಮಾನ? ಇಲ್ಲಿ ಪ್ರತಿಯೊಂದು ಬಾಂಬರ್ ತನ್ನದೇ ಆದ ಕಿರುಕುಳವನ್ನು ಮುಂದೊಡ್ಡುತ್ತದೆ, ಆರಿಸುವವನು ತನಗೆ ಸಹನೀಯವಾದ ಕಿರುಕುಳ ಯಾವುದೆಂದು ನೋಡಿಕೊಳ್ಳಬೇಕು.

ಜರ್ಮನಿಯ ಹೈಂಕೆಲ್ 111 ಎಂದರೆ ಗಾಜಿನ ಕಾಟ. ಅದರ ಮೂಗು ಪೂರ್ತಿ ಗಾಜು. ಗಾಜಿನ ನಡುವೆ ತೆಳ್ಳನೆಯ ಲೋಹದ ಪಟ್ಟಿಗಳು, ಆ ಪಟ್ಟಿಗಳಿಗೆ ಮಾತ್ರ ಬಣ್ಣ. ಪ್ರತಿಯೊಂದು ಗಾಜಿನ ಚೌಕಕ್ಕೂ ಟೇಪು ಕತ್ತರಿಸಿ ಅಂಟಿಸಿ, ಬಣ್ಣ ಹೊಡೆದು, ಒಣಗಿದ ಮೇಲೆ ಚಿಮಟದಿಂದ ಒಂದೊಂದಾಗಿ ಬಿಡಿಸಬೇಕು. ಆಕಾರಕ್ಕೆ ಸರಿಯಾಗಿ ಮೊದಲೇ ಕತ್ತರಿಸಿದ ಟೇಪು ಪ್ರತ್ಯೇಕವಾಗಿ ಸಿಗುತ್ತದೆ. ಹೈಂಕೆಲ್ ಕೊಳ್ಳುವವರು ಅದನ್ನೂ ಕೊಳ್ಳುವುದು ಒಳ್ಳೆಯದು. ಸೂಪರ್‌ಗ್ಲೂ ಬಳಸಿದಿರೋ, ಅದರ ಆವಿ ತಗಲಿ ಗಾಜಿನ ಮೇಲೆ ಬಿಳಿ ಮಂಜು ಕೂರುತ್ತದೆ. ಇಷ್ಟಾದರೂ ಕೆಲಸ ಮುಗಿಯಲಿಲ್ಲ. ಗಾಜು ಪಾರದರ್ಶಕವಾದ್ದರಿಂದ ಒಳಗಿನದೆಲ್ಲ ಕಾಣುತ್ತದೆ, ಒಳಗನ್ನೂ ಚೆನ್ನಾಗಿ ಮಾಡಬೇಕು. ಬಾಲದ ಮೇಲಿನ ಸ್ವಸ್ತಿಕದ ಚಿಹ್ನೆ ಇನ್ನೊಂದು ತಾಪತ್ರಯ. ನಾಜಿ ಚಿಹ್ನೆಗಳ ಪ್ರದರ್ಶನಕ್ಕೆ ಜರ್ಮನಿಯಲ್ಲಿ ಕಾನೂನಿನ ನಿರ್ಬಂಧವಿರುವುದರಿಂದ ಅನೇಕ ಕಿಟ್‌ಗಳಲ್ಲಿ ಅದು ಇರುವುದೇ ಇಲ್ಲ. ಕೆಲವು ಕಂಪನಿಗಳು ಅದನ್ನು ಎರಡು ತುಂಡು ಮಾಡಿ, ಹಾಳೆಯ ಮೇಲೆ ಬಿಡಿಬಿಡಿಯಾಗಿ ಮುದ್ರಿಸಿ, ಪಾಪಪುಣ್ಯವನ್ನು ಕೊಂಡವನ ತಲೆಗೆ ಕಟ್ಟುತ್ತವೆ.

ಬ್ರಿಟನ್ನಿನ ವೆಲ್ಲಿಂಗ್ಟನ್‌ದು ಬಟ್ಟೆಯ ಕಾಟ. ಬಾರ್ನೆಸ್ ವಾಲಿಸ್ ಎಂಬ ಎಂಜಿನಿಯರ್ ಅದರ ಒಡಲನ್ನು ಲೋಹದ ಬಲೆಯಾಗಿ ಹೆಣೆದು ಮೇಲೆ ಬಟ್ಟೆ ಹೊದಿಸಿದ್ದರು. ಅರ್ಧ ಬಟ್ಟೆ ಹಾರಿಹೋದರೂ ವಿಮಾನ ಮರಳುತ್ತಿತ್ತು. ಬಟ್ಟೆಯಡಿಯ ಬಲೆ ಕಂಡೂ ಕಾಣದ ಹಾಗೆ ಪ್ಲಾಸ್ಟಿಕ್ಕಿನಲ್ಲಿ ಅಚ್ಚೊತ್ತುವುದು ಸುಲಭವಲ್ಲ; ಬಹಳ ಸಲ ಅದು ಹಸಿದ ಪ್ರಾಣಿಯ ಪಕ್ಕೆಲುಬಾಗಿ ಎದ್ದು ನಿಂತಿರುತ್ತದೆ. ಮಸ್ಕಿಟೊ ಕೊಂಡರೆ ಈ ತಲೆನೋವಿಲ್ಲ. ಅದು ಮರದ ವಿಮಾನ, ಬಾಲ್ಸಾ ಮರವನ್ನು ಪ್ಲೈವುಡ್ ನಡುವೆ ಇಟ್ಟು ಅಂಟಿಸಿ ಮಾಡಿದ್ದು. ಪೀಠೋಪಕರಣ ಮಾಡುವ ಬಡಗಿಗಳೂ ಅದರ ತಯಾರಿಕೆಯಲ್ಲಿ ಕೈಜೋಡಿಸಿದ್ದರು. ಮೈ ನುಣುಪು, ರಿವೆಟ್ ಇಲ್ಲ, ಇಬ್ಬರೇ ಜನ, ಎರಡೇ ಎಂಜಿನ್, 1:72ರಲ್ಲಿ ಬರೀ 23 ಸೆಂಟಿಮೀಟರ್. 1943ರ ಜನವರಿ 30ರಂದು ಹಾಡುಹಗಲೇ ಬರ್ಲಿನ್‌ಗೆ ಹೋಗಿ, ಜರ್ಮನಿಯ ವಾಯುಪಡೆಯ ಮುಖ್ಯಸ್ಥ ಗೋರಿಂಗ್ ರೇಡಿಯೊದಲ್ಲಿ ಭಾಷಣ ಮಾಡಬೇಕಿದ್ದ ಹೊತ್ತಿಗೆ ಸರಿಯಾಗಿ ಬಾಂಬು ಹಾಕಿ ಕಾರ್ಯಕ್ರಮ ಕೆಡಿಸಿದ ಕೀರ್ತಿಯೂ ಅದಕ್ಕಿದೆ. ಮೊದಲ ಸಲ ಬಾಂಬರ್ ಕಟ್ಟುವವರು ಮಸ್ಕಿಟೊ ಕಟ್ಟಲಿ ಎಂದೇ ನಾನು ಹೇಳುತ್ತೇನೆ. ಅದು ನಿಜವಾಗಿ ಬಾಂಬರ್ ಅಲ್ಲ, ಬಾಂಬರ್ ವೇಷದ ಫೈಟರ್ ಎಂದು ನಮ್ಮ ಪಂಗಡದ ಹಿರಿಯರು ಮೂಗು ಮುರಿಯುವುದುಂಟು.

ಅಮೆರಿಕದವುಗಳದ್ದು ಬೆಳ್ಳಿಯ ಕಾಟ. 1944ರ ಆರಂಭದಿಂದ ಬಿ-17ಗಳು ಬಣ್ಣವಿಲ್ಲದೆ, ಬರಿಯ ಅಲ್ಯೂಮಿನಿಯಮ್ ಮೈಯಲ್ಲಿ ಕಾರ್ಖಾನೆಯಿಂದ ಹೊರಬಿದ್ದವು. ಬಣ್ಣ ಬಿಟ್ಟಿದ್ದರಿಂದ ತೂಕ ಕಡಿಮೆಯಾಯಿತು, ಕೆಲಸ ಬೇಗ ಮುಗಿಯಿತು. ಅವರಿಗೆ ಉಳಿತಾಯ, ನಮಗೆ ಸಂಕಟ. ಬೆಳ್ಳಿ ಬಣ್ಣ ಯಾವ ತಪ್ಪನ್ನೂ ಮುಚ್ಚುವುದಿಲ್ಲ. ಮರಳುಕಾಗದದ ಒಂದು ಗೀರು, ಅಂಟಿನ ಒಂದು ಕಲೆ, ಹೆಬ್ಬೆರಳಿನ ಒಂದು ಗುರುತು, ಎಲ್ಲವೂ ಬೆಳಕಿಗೆ ಹಿಡಿದ ತಕ್ಷಣ ಎದ್ದು ಕೂಗುತ್ತವೆ. ಅದಕ್ಕೇ ಅನುಭವಸ್ಥರು 1943ರ ಆಲಿವ್ ಬಣ್ಣದ ಬಿ-17 ಆರಿಸಿಕೊಂಡು, ತಮಗೆ ಇತಿಹಾಸದ ಆ ಘಟ್ಟದಲ್ಲೇ ವಿಶೇಷ ಆಸಕ್ತಿ ಎಂದು ಹೇಳುತ್ತಾರೆ.

ಲಿಬರೇಟರ್ ಎಂಬ ಬಿ-24ರ ವಿಷಯ ಬೇರೆ. ಯುದ್ಧಕಾಲದಲ್ಲಿ ಅದು ತಯಾರಾದಷ್ಟು ಸಂಖ್ಯೆಯಲ್ಲಿ ಯಾವ ಭಾರೀ ಬಾಂಬರ್ ಕೂಡ ತಯಾರಾಗಲಿಲ್ಲ: 18,000ಕ್ಕೂ ಹೆಚ್ಚು. ಬಿ-17ರ ಸಂಖ್ಯೆ 12,731. ಫೋರ್ಡ್ ಕಂಪನಿಯ ವಿಲೋ ರನ್ ಕಾರ್ಖಾನೆಯಲ್ಲಿ ಕೆಲಸ ಭರದಿಂದ ಸಾಗಿದ್ದಾಗ ಗಂಟೆಗೊಂದು ಲಿಬರೇಟರ್ ಹೊರಬರುತ್ತಿತ್ತು. ಆದರೂ ಜನ ಕಟ್ಟುವುದು ಬಿ-17. ಕಾರಣ ರೂಪ, ಬಿ-17 ಯಾವ ಕೋನದಿಂದ ನೋಡಿದರೂ ಚೆಲುವೆ, ಲಿಬರೇಟರ್ ಯಾವ ಕೋನದಿಂದ ನೋಡಿದರೂ ಸರಕಿನ ಡಬ್ಬ. ಜೊತೆಗೆ ಅದಕ್ಕೆ ಮೂಗಿನ ಕೆಳಗೊಂದು ಚಕ್ರ. ಮಾದರಿಯಲ್ಲಿ ಮೂಗಿನೊಳಗೆ ಸೀಸದ ಗುಂಡುಗಳನ್ನು ತುಂಬಿ ಭಾರ ಮಾಡದಿದ್ದರೆ ಅದು ಮೂಗೆತ್ತಿ ಬಾಲದ ಮೇಲೆ ಕುಳಿತುಬಿಡುತ್ತದೆ. ಲಿಬರೇಟರ್‌ನ ಮೂಗೆಲ್ಲ ಗಾಜು, ಸೀಸ ಬಚ್ಚಿಡುವುದೆಲ್ಲಿ? ಕಾಕ್‌ಪಿಟ್ಟಿನ ನೆಲದಡಿ, ಸೀಟಿನ ಹಿಂದೆ, ಎಂಜಿನ್‌ಗಳೊಳಗೆ, ಸಿಕ್ಕಸಿಕ್ಕಲ್ಲಿ ತುರುಕಬೇಕು. ನಿಜವಾದ ಲಿಬರೇಟರ್‌ಗಳಿಗೂ ನೆಲದ ಮೇಲೆ ನಿಂತಾಗ ಬಾಲದಡಿ ಊರುಗೋಲು ಕೊಡುತ್ತಿದ್ದರು ಎಂಬುದು ಸೀಸ ತುಂಬಿ ಸೋತವರಿಗೆ ಇತಿಹಾಸ ಕೊಟ್ಟ ಸಮಾಧಾನ.

ನನಗೆ ಲಿಬರೇಟರ್ ಮೇಲೆ ಪಕ್ಷಪಾತವಿದೆ, ಮುಚ್ಚಿಡುವುದಿಲ್ಲ. ಯುದ್ಧ ಮುಗಿದಾಗ ಬ್ರಿಟಿಷ್ ವಾಯುಪಡೆ ಕಾನ್ಪುರದಲ್ಲಿ ಲಿಬರೇಟರ್‌ಗಳನ್ನು ಮತ್ತೆ ಹಾರದ ಹಾಗೆ ಕೆಡಿಸಿ ಬಿಟ್ಟುಹೋಯಿತು. ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯವರು ಆ ಅವಶೇಷಗಳನ್ನು ಹೇಗೋ ಹಾರುವಂತೆ ಮಾಡಿ ಬೆಂಗಳೂರಿಗೆ ತಂದು, ಪೂರ್ತಿ ದುರಸ್ತಿ ಮಾಡಿ ಭಾರತೀಯ ವಾಯುಪಡೆಗೆ ಕೊಟ್ಟರು. 1968ರವರೆಗೂ ಅವು ಸೇವೆಯಲ್ಲಿದ್ದವು. ಅಷ್ಟರಲ್ಲಿ ಉಳಿದ ದೇಶಗಳು ತಮ್ಮವನ್ನೆಲ್ಲ ಕರಗಿಸಿ ಪಾತ್ರೆ ಪಗಡಿ ಮಾಡಿಕೊಂಡಿದ್ದವು. ಇಂದು ಬ್ರಿಟನ್, ಕೆನಡಾ, ಅಮೆರಿಕಗಳ ವಸ್ತುಸಂಗ್ರಹಾಲಯಗಳಲ್ಲಿರುವ ಹಲವು ಲಿಬರೇಟರ್‌ಗಳು ಹೀಗೆ ಭಾರತದಲ್ಲಿ ಉಳಿದುಕೊಂಡವೇ. ಗುಜರಿಯಿಂದ ಎದ್ದು ಬಂದ ವಿಮಾನವನ್ನು ಅದರ ಭಾರತೀಯ ಗುರುತುಗಳೊಂದಿಗೆ ಕಟ್ಟುವುದಾದರೆ ಮೂಗಿನೊಳಗೆ ಎಷ್ಟು ಸೀಸ ಬೇಕಾದರೂ ತುಂಬಲು ನಾನು ಸಿದ್ಧ.

ಇಷ್ಟು ಹೊರಗಿನ ಮಾತಾಯಿತು. ಬಾಂಬರ್ ಆರಿಸುವವನ ಯೋಗ್ಯತೆ ಗೊತ್ತಾಗುವುದು ಒಳಗಿನ ವಿಷಯ ಬಂದಾಗ.

ಕಿಟ್‌ನ ಸೂಚನೆಯ ಹಾಳೆಯಲ್ಲಿ ಮೊದಲ ಅನೇಕ ಹಂತಗಳು ಒಳಾಂಗಣದವೇ. ಲ್ಯಾಂಕಾಸ್ಟರ್ ಆದರೆ ಮೂಗಿನಲ್ಲಿ ಹೊಟ್ಟೆಯ ಮೇಲೆ ಮಲಗಿ ಬಾಂಬಿಗೆ ಗುರಿ ಹಿಡಿಯುವ ಬಾಂಬ್ ಏಮರ್‌ಗೆ ಜಾಗ, ಮೇಲೆ ಎಡಗಡೆ ಪೈಲಟ್‌ನ ಸೀಟು, ಪಕ್ಕದಲ್ಲಿ ಫ್ಲೈಟ್ ಎಂಜಿನಿಯರ್‌ಗೆ ಮಡಿಸುವ ಸೀಟು. ಹಿಂದೆ ಪರದೆಯ ಆಚೆ ನ್ಯಾವಿಗೇಟರ್‌ನ ಮೇಜು, ಅದರಾಚೆ ರೇಡಿಯೊದವನು. ಆಮೇಲೆ ರೆಕ್ಕೆಯ ಮುಖ್ಯ ತೊಲೆ; ಅದು ಒಡಲೊಳಗೆ ಅಡ್ಡಲಾಗಿ ಹಾದುಹೋಗುತ್ತದೆ, ದಪ್ಪ ಉಡುಪು ತೊಟ್ಟವರು ಅದನ್ನು ಹತ್ತಿ ಇಳಿಯಬೇಕಿತ್ತು. ಅದರ ಹಿಂದೆ ಬೆನ್ನಿನ ಟರೆಟ್, ಅಂದರೆ ತಿರುಗುವ ಬಂದೂಕಿನ ಗೂಡು; ಕೊನೆಗೆ ಬಾಲದ ಟರೆಟ್. 1:72ರಲ್ಲಿ ನ್ಯಾವಿಗೇಟರ್‌ನ ಮೇಜು ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಅದಕ್ಕೆ ಒಂದು ಬಣ್ಣ, ಮೇಲಿನ ನಕಾಶೆಗೆ ಇನ್ನೊಂದು, ದೀಪದ ಕಾಲಿಗೆ ಮತ್ತೊಂದು. ಉಸಿರು ಬಿಗಿಹಿಡಿದು, ಎರಡೇ ಎರಡು ಕೂದಲಿನ ಕುಂಚದಲ್ಲಿ ಬಳಿದು ಮುಗಿಸಿ, ಅದನ್ನು ಒಡಲಿನ ಎಡ ಅರ್ಧಕ್ಕೆ ಅಂಟಿಸಿದ ಮೇಲೆ ಮುಂದಿನ ಹಂತದಲ್ಲಿ ಬಲ ಅರ್ಧವನ್ನು ತಂದು ಮುಚ್ಚಿ ಅಂಟು ಹಾಕಿ ಎಂದಿರುತ್ತದೆ. ಮುಗಿಯಿತು. ಪಕ್ಕದ ಪುಟ್ಟ ಕಿಟಕಿಯಿಂದ ಟಾರ್ಚು ಬಿಟ್ಟು ಇಣುಕಿದರೂ ಆ ಮೇಜು ಇನ್ನೆಂದೂ ಕಾಣುವುದಿಲ್ಲ.

ಕಾಣದ್ದಕ್ಕೆ ಬಣ್ಣವೇಕೆ? ಈ ಪ್ರಶ್ನೆಯ ಮೇಲೆ ಬಾಂಬರ್ ಪಂಗಡವೇ ಒಡೆದಿದೆ. ಒಂದು ಬಣದವರು ಒಳಗೆಲ್ಲ ಕಪ್ಪು ಬಳಿದು ಕೈತೊಳೆದುಕೊಳ್ಳುತ್ತಾರೆ. ಇನ್ನೊಂದು ಬಣದವರು ಕಿಟ್‌ನಲ್ಲಿ ಕೊಟ್ಟದ್ದು ಸಾಲದೆಂದು ಹಿತ್ತಾಳೆಯ ತೆಳು ತಗಡಿನಲ್ಲಿ ಕೊರೆದ ಸೀಟುಬೆಲ್ಟು, ಗುಂಡಿ, ಸ್ವಿಚ್ಚುಗಳನ್ನು ಬೇರೆಯಾಗಿ ತರಿಸುತ್ತಾರೆ. ಮುಚ್ಚುವ ಮೊದಲು ನಾಲ್ಕು ದಿಕ್ಕಿನಿಂದ ಫೋಟೊ ತೆಗೆದಿಡುತ್ತಾರೆ, ಆಮೇಲೆ ಮಾದರಿಯನ್ನು ನೋಡಲು ಬಂದವರಿಗೆ ಮೊಬೈಲ್ ತೋರಿಸುತ್ತಾರೆ. ನಾನು ಹಿತ್ತಾಳೆಯವರೆಗೆ ಹೋಗುವವನಲ್ಲ. ಆದರೆ ಮೇಜಿಗೆ ಬಣ್ಣ ಬಳಿಯುವವನು. ನಿಜವಾದ ವಿಮಾನದಲ್ಲೂ ಆ ಮೇಜು ಯಾರಿಗೂ ಕಾಣುತ್ತಿರಲಿಲ್ಲ. ಬೆಳಕು ಹೊರಗೆ ಬೀಳಬಾರದೆಂದೇ ಅದಕ್ಕೆ ಪರದೆ. ಅದರ ಹಿಂದೆ ಕುಳಿತು ರಾತ್ರಿಯಿಡೀ ಗೆರೆ ಎಳೆದವರಲ್ಲಿ ಎಷ್ಟೋ ಜನ ತಾವು ಹೋಗಿಬಂದ ಊರನ್ನು ಕಣ್ಣೆತ್ತಿ ನೋಡಲೇ ಇಲ್ಲ. ಹಾಗಾಗಿ ಬಾಂಬರ್ ಕಿಟ್ ಆರಿಸುವಾಗ ನಾನು ಕೇಳುವ ಪ್ರಶ್ನೆ ಎಷ್ಟು ತುಂಡುಗಳಿವೆ ಎಂಬುದಲ್ಲ, ಮುಚ್ಚಿದ ಮೇಲೆ ಒಳಗೆ ಏನಿರುತ್ತದೆ ಎಂಬುದು.

ಬಾಲದ ಟರೆಟ್ಟನ್ನೂ ನೋಡಿಯೇ ಆರಿಸುತ್ತೇನೆ. ಲ್ಯಾಂಕಾಸ್ಟರ್‌ನ ಬಾಲದ ಗನ್ನರ್ ಉಳಿದ ಆರು ಜನರಿಂದ ದೂರ, ನಾಲ್ಕು ಬಂದೂಕುಗಳ ನಡುವೆ ಒಬ್ಬನೇ ಕೂರುತ್ತಿದ್ದ. ಒಳಗೆ ಪ್ಯಾರಾಚೂಟ್ ಇಡಲೂ ಜಾಗವಿಲ್ಲದೆ ಅದನ್ನು ಟರೆಟ್ ಹೊರಗೆ ಒಡಲಿನಲ್ಲಿ ನೇತುಹಾಕಿರುತ್ತಿದ್ದರು. ಕಣ್ಣೆದುರಿನ ಪಾರದರ್ಶಕ ಹಾಳೆಯ ಮೇಲಿನ ಒಂದು ಗೀರನ್ನು ಶತ್ರುವಿಮಾನವೆಂದು ಭ್ರಮಿಸುವ ಅಪಾಯವಿತ್ತು, ಅದಕ್ಕೆ ಅನೇಕರು ಆ ಹಾಳೆಯನ್ನೇ ತೆಗೆಸಿಬಿಟ್ಟಿದ್ದರು. ಹೆಪ್ಪುಗಟ್ಟುವ ಗಾಳಿ ನೇರ ಮುಖಕ್ಕೆ. ಈ ಕಿಂಡಿಯನ್ನು ತೆರೆದು ತೋರಿಸಿರುವ ಕಿಟ್ ಸಿಕ್ಕರೆ ಅದನ್ನು ಅಚ್ಚು ಕೆತ್ತಿದವರು ಓದಿಕೊಂಡವರು ಎಂದು ತಿಳಿಯಬಹುದು. ಇಲ್ಲದಿದ್ದರೆ ಸಣ್ಣ ಗರಗಸ ತೆಗೆದುಕೊಂಡು ನಾವೇ ಕೊಯ್ಯಬೇಕು.

ಇನ್ನು ಹೊಟ್ಟೆಯ ಬಾಗಿಲು. ಸೂಚನೆಯ ಹಾಳೆ ಯಾವುದೋ ಒಂದು ಹಂತದಲ್ಲಿ ಎರಡು ಚಿತ್ರ ಕೊಟ್ಟು ನಡುವೆ ಬಾಣದ ಗುರುತು ಹಾಕಿರುತ್ತದೆ: ಬಾಂಬ್ ಕೋಣೆಯ ಬಾಗಿಲು ತೆರೆದಿರಲೋ, ಮುಚ್ಚಿರಲೋ? ಚಕ್ರ ಒಳಗೋ ಹೊರಗೋ ಎಂದು ಕೇಳಿದಷ್ಟೇ ಸಹಜವಾಗಿ ಕೇಳಿರುತ್ತದೆ. ಲ್ಯಾಂಕಾಸ್ಟರ್‌ನ ಬಾಂಬ್ ಕೋಣೆ 33 ಅಡಿ ಉದ್ದ, 1:72ರಲ್ಲಿ 14 ಸೆಂಟಿಮೀಟರ್. ತೆರೆದಿಟ್ಟರೆ ಅದರೊಳಗೆ ಹಾಕಲು ಸಾಮಾನು ಬೇಕು. ಹಲವು ಕಿಟ್‌ಗಳು ಕೊಡುವುದು ಬ್ರಿಟಿಷ್ ವಾಯುಪಡೆ ನಗರಗಳ ಮೇಲೆ ಹಾಕುತ್ತಿದ್ದ ಮಾಮೂಲಿ ಜೋಡಿಯನ್ನೇ: ಕುಕಿ ಎಂದು ಅಡ್ಡಹೆಸರಿದ್ದ 4,000 ಪೌಂಡಿನ ಉರುಳೆ ಬಾಂಬು, ಸುತ್ತ ಬೆಂಕಿಬಾಂಬುಗಳ ಪೆಟ್ಟಿಗೆಗಳು. ಕುಕಿ ಸಿಡಿದಾಗ ಮನೆಗಳ ಹೆಂಚು ಹಾರಿ ಕಿಟಕಿ ಒಡೆಯುತ್ತಿತ್ತು, ಹಾಗೆ ತೆರೆದ ಮನೆಗಳೊಳಗೆ ಬೆಂಕಿಬಾಂಬುಗಳು ಬೀಳುತ್ತಿದ್ದವು. 1943ರ ಜುಲೈ ಕೊನೆಯಲ್ಲಿ ಹ್ಯಾಂಬರ್ಗ್ ಹೊತ್ತಿ ಉರಿದದ್ದು, 30,000ಕ್ಕೂ ಹೆಚ್ಚು ಜನ ಸತ್ತದ್ದು ಈ ವಿಧಾನದಿಂದ. ಕುಕಿಗೆ ಕಡುಹಸಿರು ಬಣ್ಣ, ಮೂಗಿನ ಬಳಿ ಕೆಂಪು ಪಟ್ಟಿ ಎಂದು ಸೂಚನೆಯಲ್ಲಿ ಬರೆದಿರುತ್ತದೆ. ಮಾದರಿಕಾರನಾಗಿ ಅದು ಬಹಳ ಚಂದದ ತುಂಡು ಎಂದು ಒಪ್ಪಿಕೊಳ್ಳಲೇಬೇಕು. ಬಳಿಯುವ ಕೈ ನಿಲ್ಲುವುದು ಚಂದಕ್ಕೇ.

ಅಮೆರಿಕದ ಬಿ-29 ಬಾಂಬರ್‌ನ ಕೆಲವು ಕಿಟ್‌ಗಳಲ್ಲಿ ಪ್ರಶ್ನೆ ಇನ್ನೂ ಇಕ್ಕಟ್ಟಿನದು. ಎನೋಲಾ ಗೇ ಗುರುತಿನ ಹಾಳೆಯ ಜೊತೆಗೆ ಚೌಕಟ್ಟಿನ ಮೂಲೆಯಲ್ಲಿ ನಾಲ್ಕು ಸೆಂಟಿಮೀಟರ್ ಉದ್ದದ ಒಂದು ಪ್ಲಾಸ್ಟಿಕ್ ಉರುಳೆ, ಎರಡು ಅರ್ಧ. 1945ರ ಆಗಸ್ಟ್ 6ರಂದು ಹಿರೋಶಿಮಾ ಮೇಲೆ ಬಿದ್ದದ್ದು. ಪೈಲಟ್ ಪಾಲ್ ಟಿಬೆಟ್ಸ್ ವಿಮಾನಕ್ಕೆ ತನ್ನ ತಾಯಿಯ ಹೆಸರಿಟ್ಟಿದ್ದ. ಡೆಕಾಲ್, ಅಂದರೆ ನೀರಿನಲ್ಲಿ ನೆನೆಸಿ ಅಂಟಿಸುವ ಗುರುತುಗಳ ಹಾಳೆಯಲ್ಲಿ ಆ ತಾಯಿಯ ಹೆಸರು ಬಾಂಬಿಗಿಂತ ಹೆಚ್ಚು ಜಾಗ ತೆಗೆದುಕೊಳ್ಳುವುದಿಲ್ಲ. ಬಿ-29 ನನಗೆ ಇಷ್ಟದ ಆಕಾರ. ಮೂಗಿನಿಂದ ಬಾಲದವರೆಗೆ ಒಂದು ಕೊಳವೆ, ಎಲ್ಲಿಯೂ ಎಡವುವ ಗೆರೆಯಿಲ್ಲ. ಆದರೆ ಆ ಪೆಟ್ಟಿಗೆಯನ್ನು ನಾನು ಕೊಳ್ಳುವುದಿಲ್ಲ. ಕೊಳ್ಳುವವರನ್ನು ಬೈಯುವುದೂ ಇಲ್ಲ. ವಾಷಿಂಗ್ಟನ್ ಬಳಿಯ ಸಂಗ್ರಹಾಲಯದಲ್ಲಿ ನಿಜವಾದ ಎನೋಲಾ ಗೇ ನಿಂತಿದೆ, ಅದನ್ನು ಹೇಗೆ ಪ್ರದರ್ಶಿಸಬೇಕೆಂಬ ಜಗಳ ಆ ದೇಶದಲ್ಲೇ 1995ರಲ್ಲಿ ನಡೆದುಹೋಗಿದೆ. ಒಂದು ದೇಶ ಬಗೆಹರಿಸಲಾರದ್ದನ್ನು ಕಪಾಟಿನ ಮೇಲೆ ನಾನು ಬಗೆಹರಿಸಲಾರೆ.

ಬಾಗಿಲ ಪ್ರಶ್ನೆಯೇ ಬೇಡ ಎನ್ನುವವರಿಗೆ ಡ್ಯಾಮ್ ಒಡೆದ ಲ್ಯಾಂಕಾಸ್ಟರ್ ಇದೆ. 1943ರ ಮೇ 16ರ ರಾತ್ರಿ 617ನೇ ಸ್ಕ್ವಾಡ್ರನ್ ಜರ್ಮನಿಯ ಅಣೆಕಟ್ಟುಗಳ ಮೇಲೆ ದಾಳಿಗೆ ಹೋದಾಗ ನೀರಿನ ಮೇಲೆ ಪುಟಿಯುವ ಬಾಂಬನ್ನು ನೇತುಹಾಕಲು ವಿಮಾನಗಳ ಬಾಂಬ್ ಕೋಣೆಯ ಬಾಗಿಲುಗಳನ್ನೇ ತೆಗೆದುಹಾಕಿದ್ದರು. ಬಾಂಬು ಅದೇ ಬಾರ್ನೆಸ್ ವಾಲಿಸ್ ಅವರ ಸೃಷ್ಟಿ. ಬೆನ್ನಿನ ಟರೆಟ್ ಕೂಡ ಇಲ್ಲ, ಅಂದರೆ ಕಟ್ಟುವವನಿಗೆ ಒಂದು ಗಾಜಿನ ತುಂಡು ಕಡಿಮೆ. ಸಾಹಸಕ್ಕೆ ಸಾಹಸ, ಅನುಕೂಲಕ್ಕೆ ಅನುಕೂಲ. ಲ್ಯಾಂಕಾಸ್ಟರ್ ಕಿಟ್‌ಗಳಲ್ಲಿ ಇದು ಬಹಳ ಜನಪ್ರಿಯ. ಆದರೆ ಪೆಟ್ಟಿಗೆಯ ಮೇಲೆ ಬರೆಯುವ ಕಥೆಯಲ್ಲಿ ಎರಡು ಲೆಕ್ಕಗಳು ಸಾಮಾನ್ಯವಾಗಿ ಹಿಂದಕ್ಕೆ ಸರಿಯುತ್ತವೆ. ಹೋದ 19 ವಿಮಾನಗಳಲ್ಲಿ ಎಂಟು ಮರಳಲಿಲ್ಲ, 53 ಜನ ಸತ್ತರು. ಕೆಳಗೆ ಪ್ರವಾಹದಲ್ಲಿ ಸಾವಿರಕ್ಕೂ ಹೆಚ್ಚು ಜನ ಕೊಚ್ಚಿಹೋದರು. ಅವರಲ್ಲಿ ಬಹಳ ಮಂದಿ ಜರ್ಮನಿ ಬಲವಂತವಾಗಿ ಎಳೆದು ತಂದು ದುಡಿಸುತ್ತಿದ್ದ ಹೊರದೇಶದವರು.

ಡೆಕಾಲ್ ಹಾಳೆ ಇನ್ನೊಂದು ರೀತಿಯಲ್ಲೂ ದಾರಿ ತಪ್ಪಿಸುತ್ತದೆ. ಪ್ರತಿ ಕಿಟ್‌ನಲ್ಲೂ ಎರಡೋ ಮೂರೋ ವಿಮಾನಗಳ ಗುರುತುಗಳಿರುತ್ತವೆ, ಒಂದನ್ನು ಆರಿಸಬೇಕು. ಕೊಟ್ಟಿರುವವೆಲ್ಲ ಖ್ಯಾತನಾಮರೇ. ಲಂಡನ್ನಿನ ವಾಯುಪಡೆ ಸಂಗ್ರಹಾಲಯದಲ್ಲಿರುವ ಎಸ್ ಫಾರ್ ಶುಗರ್ ಎಂಬ ಲ್ಯಾಂಕಾಸ್ಟರ್ 137 ಸಲ ದಾಳಿಗೆ ಹೋಗಿಬಂದದ್ದು. ಅದರ ಮೂಗಿನ ಪಕ್ಕ ಸಾಲುಸಾಲಾಗಿ ಪುಟ್ಟ ಬಾಂಬಿನ ಚಿತ್ರಗಳು, ಒಂದೊಂದು ಬಾಂಬು ಒಂದೊಂದು ದಾಳಿ. ಇನ್ನು ಕೆಲವು ಲ್ಯಾಂಕಾಸ್ಟರ್‌ಗಳ ಸಾಲಿನಲ್ಲಿ ಬಾಂಬುಗಳ ನಡುವೆ ಐಸ್‌ಕ್ರೀಮ್ ಕೋನ್ ಕಾಣಿಸುತ್ತದೆ. ಅದು ಇಟಲಿಯ ಮೇಲೆ ದಾಳಿ ಮಾಡಿದ ಗುರುತು. ಇಪ್ಪತ್ತರ ಆಸುಪಾಸಿನ ಹುಡುಗರ ತಮಾಷೆ. 1:72ರಲ್ಲಿ ಆ ಕೋನ್ ಸಾಸಿವೆ ಕಾಳಿನಷ್ಟಿರುತ್ತದೆ. ಹಾಳೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಕುಂಚದ ತುದಿಯಿಂದ ಸರಿಸಿ ಮೂಗಿನ ಮೇಲೆ ಕೂರಿಸುವಾಗ ಇಡೀ ಸಾಲು ಮಡಿಚಿಕೊಂಡರೆ ಅಷ್ಟೂ ದಾಳಿಗಳು ಒಂದು ಉಂಡೆಯಾಗಿ ಕುಂಚಕ್ಕೆ ಅಂಟಿ ಬರುತ್ತವೆ.

ಆದರೆ ನೂರು ದಾಳಿ ದಾಟಿದ ಲ್ಯಾಂಕಾಸ್ಟರ್‌ಗಳು ತೀರ ಕಡಿಮೆ. ಒಟ್ಟು ತಯಾರಾದದ್ದು 7,377. ದಾಳಿಗಳಲ್ಲೇ ಕಳೆದುಹೋದದ್ದು ಮೂರು ಸಾವಿರಕ್ಕೂ ಹೆಚ್ಚು. ಬ್ರಿಟಿಷ್ ವಾಯುಪಡೆಯ ಬಾಂಬರ್ ವಿಭಾಗವಾದ ಬಾಂಬರ್ ಕಮಾಂಡ್‌ನ ಸುಮಾರು 1,25,000 ವೈಮಾನಿಕರಲ್ಲಿ 55,573 ಜನ ಸತ್ತರು. ಬಹಳ ಕಾಲ ಬದುಕಿದ ವಿಮಾನಕ್ಕೆ ಬಹಳ ಫೋಟೊಗಳು ಸಿಗುತ್ತವೆ, ಫೋಟೊ ಇದ್ದದ್ದಕ್ಕೆ ಡೆಕಾಲ್ ಮುದ್ರಿಸಬಹುದು. ಮೂರನೆಯ ರಾತ್ರಿಯೇ ಹೋದ ವಿಮಾನದ ಫೋಟೊ ಯಾರು ತೆಗೆದರು? ಹೀಗಾಗಿ ಜಗತ್ತಿನ ಕಪಾಟುಗಳ ಮೇಲೆ ನಿಂತಿರುವ ಲ್ಯಾಂಕಾಸ್ಟರ್‌ಗಳನ್ನಷ್ಟೇ ನೋಡಿದವರಿಗೆ ಅವು ಸಾಯುತ್ತಲೇ ಇರಲಿಲ್ಲ ಎನ್ನಿಸಬೇಕು. ನನಗೆ ಬೇಕಾದದ್ದು ಆರೇಳು ಬಾಂಬಿನ ಗುರುತಿರುವ, ಯಾವ ಚಿತ್ರವೂ ಹೆಸರೂ ಇಲ್ಲದ ಒಂದು ಸಾಧಾರಣ ವಿಮಾನ. ಅಂಥ ಹಾಳೆ ಯಾವ ಪೆಟ್ಟಿಗೆಯಲ್ಲೂ ಬರುವುದಿಲ್ಲ. ಬಿಡಿ ಅಕ್ಷರಗಳ ಹಾಳೆ ತಂದು ಜೋಡಿಸಿಕೊಳ್ಳಬೇಕು.

ಬಣ್ಣದ ಜಗಳಕ್ಕೆ ನಾನು ಇಳಿಯುವುದಿಲ್ಲ. ಎಂಬತ್ತು ವರ್ಷ ಹಿಂದೆ ಬಿಸಿಲಿಗೆ ಬಾಡಿದ ಆಲಿವ್ ಬಣ್ಣ ಎಷ್ಟು ಬಾಡಿತ್ತು ಎಂಬುದರ ಮೇಲೆ ಸ್ನೇಹ ಮುರಿದುಕೊಂಡವರಿದ್ದಾರೆ. ಕಿಟ್‌ಗಳ ರಾಶಿಯ ಮಾತನ್ನೂ ಎತ್ತುವುದಿಲ್ಲ. ಕಟ್ಟಿದ್ದಕ್ಕಿಂತ ಕಟ್ಟದೆ ಪೇರಿಸಿದ್ದು ಹೆಚ್ಚು ಎಂಬುದು ಈ ಹವ್ಯಾಸದ ಎಲ್ಲ ಮನೆಗಳಲ್ಲೂ ಮಂಚದ ಕೆಳಗೆ ಬಗ್ಗಿ ನೋಡಿದರೆ ತಿಳಿಯುತ್ತದೆ.

ಕೊನೆಗೆ ಒಂದನ್ನು ಆರಿಸಲೇಬೇಕಲ್ಲ. ಭಾರತೀಯ ಲಿಬರೇಟರ್ ಮುಂದಿನ ಸಲಕ್ಕೆ. ಅದಕ್ಕೆ ಮೊದಲು ಸೀಸ ಜಮಾಯಿಸಬೇಕು. ಈ ಸಲ ನನ್ನ ಮತ ಲ್ಯಾಂಕಾಸ್ಟರ್‌ಗೆ, 1:72, ಹೊಸ ಅಚ್ಚು, ಸಾಧಾರಣ ಗುರುತು, ಮೇಜಿಗೆ ಬಣ್ಣ, ಬಾಲದ ಕಿಂಡಿ ತೆರೆದು, ಹೊಟ್ಟೆಯ ಬಾಗಿಲು ಮುಚ್ಚಿ. ತತ್ತ್ವದ ಮಾತು ಬಿಟ್ಟರೂ ಮುಚ್ಚುವುದರಲ್ಲಿ ಲಾಭವಿದೆ: ಹಾಗೆ ಮಾಡಿದರೆ ಬಾಂಬುಗಳಷ್ಟೂ ಮಿಗುತ್ತವೆ, ಮಿಕ್ಕ ತುಂಡುಗಳ ಡಬ್ಬಿ ತುಂಬುತ್ತದೆ. ಕುಕಿಯ ಬಾಲ ಕತ್ತರಿಸಿ, ಕಡುಹಸಿರಿನ ಬದಲು ತುಕ್ಕಿನ ಬಣ್ಣ ಬಳಿದು ನೆಟ್ಟಗೆ ನಿಲ್ಲಿಸಿದರೆ ಅದೊಂದು ಒಳ್ಳೆಯ ನೀರಿನ ಡ್ರಮ್ಮು. ರೈಲಿನ ಮಾದರಿ ಕಟ್ಟುವವರು ಇಂಥವನ್ನು ಕೇಳಿ ಪಡೆಯುತ್ತಾರೆ, ಅಳತೆ ಒಂಚೂರು ಹೆಚ್ಚುಕಡಿಮೆಯಾದರೂ ತಕರಾರು ಮಾಡುವುದಿಲ್ಲ.